ಹನ್ನೊಂದು ಬೆನ್ನುಗಳಿಗೊಂದು ಹಾಡಿನ ಡಬ್ಬಿ

ಹಾಡಿನ ಡಬ್ಬಿ ಕೆಸರಿಗೆ ಬಿದ್ದದ್ದು ನನ್ನಿಂದಲೋ ಅಲ್ಲವೋ ಎಂಬುದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ನನ್ನ ನೆನಪಿನ ಪ್ರಕಾರ ನಾನು ಗದ್ದೆಯ ಬದುವಿನ ಮೇಲೆ ಕೈಕಟ್ಟಿಕೊಂಡು ನಿಂತಿದ್ದೆ. ಡಬ್ಬಿ ನನ್ನಿಂದ ನಾಲ್ಕು ಮಾರು ದೂರದಲ್ಲಿ, ಕೆಸರಲ್ಲಿ ನೆಟ್ಟ ಕೋಲಿಗೆ ತೂಗುಬಿದ್ದು ಹಾಡುತ್ತಿತ್ತು. ನಾನು ಆ ಕೋಲನ್ನು ಮುಟ್ಟಿರಲಿಲ್ಲ. ನನ್ನ ಅಕ್ಕ ಹುಲಿಗೆಮ್ಮ ಹೇಳುವ ಪ್ರಕಾರ, ಸರಿಯಾಗಿ ಕೇಳಿಸುತ್ತಿಲ್ಲವೆಂದು ಕೋಲನ್ನು ಕಿತ್ತು ಈಚೆಗೆ ತಂದು, ಅರೆಮನಸ್ಸಿನಿಂದ ನೆಟ್ಟವನು ನಾನೇ. ನಾಟಿಯ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳಾದ ಮಂಜಿಯ ಹೇಳಿಕೆಯಂತೆ ಕೋಲಿನ ಮೇಲೆ ಒಂದು ಬೆಳ್ಳಕ್ಕಿ ಬಂದು ಕೂತಿತು.

ಬೆಳ್ಳಕ್ಕಿಯ ಸಿದ್ಧಾಂತ ನನಗೆ ಬಹಳ ಹಿಡಿಸಿತು. ಆದರೆ ಅಕ್ಕ ಅದಕ್ಕೆ ಅವಕಾಶ ಕೊಡಲಿಲ್ಲ.

"ಅಕ್ಕಾ, ನಾನೇ ನೆಟ್ಟೆ ಅಂತೀಯಲ್ಲ, ಯಾರು ನೋಡಿದ್ರು?" ಎಂದು ಕೇಳಿದೆ.

"ನೋಡೋದೇನೈತಿ? ಹನ್ನೊಂದು ಮಂದಿ ಬಗ್ಗಿ ಸಸಿ ಹಚ್ಚಾಕತ್ತೀವಿ, ಬೆನ್ನಿಗೇನು ಕಣ್ಣದಾವೇನು? ನಿಂತಾವ ನೀ ಒಬ್ಬನ. ನೀನ ಹೇಳು ಏನಾತಂತ!"

ನಿಂತಿದ್ದವನು ನಾನೊಬ್ಬನೇ, ನೋಡಿರಬೇಕಾದವನೂ ನಾನೊಬ್ಬನೇ; ಮತ್ತು ನನಗೇ ಖಾತ್ರಿಯಿಲ್ಲ.

ನನ್ನ ಹೊಟ್ಟೆಪಾಡಿನ ಕೆಲಸ ಯಾವುದೆಂದು ಗೊತ್ತಾದರೆ ನಿಮಗೆ ಇನ್ನೂ ನಗು ಬಂದೀತು. ಸಂಡೂರು ತಾಲೂಕಿನ ಒಂದು ಕಾರ್ಖಾನೆಯ ಸುರಕ್ಷತಾ ವಿಭಾಗದಲ್ಲಿದ್ದೇನೆ. ದಿನಾ ಬೆಳಿಗ್ಗೆ ಹೊಸಪೇಟೆಯಿಂದ ಬಸ್ಸು ಹತ್ತಿ ವಡ್ಡು ಎಂಬ ಊರು ದಾಟಿ ಹೋಗುತ್ತೇನೆ. ಅಲ್ಲಿ ಒಂದು ಏಣಿ ಜಾರಿದರೆ, ಒಂದು ಸ್ಪಾನರ್ ಮೇಲಿಂದ ಬಿದ್ದರೆ, ಯಾರಿಗೂ ಏನೂ ಆಗದಿದ್ದರೂ, 'ನಡೆದದ್ದೇನು' ಎಂಬ ತಲೆಬರಹದ ಕೆಳಗೆ ಎರಡು ಪುಟ ಬರೆಯುವುದು ನನ್ನ ಕೆಲಸ. ಮೂವರು ಕಣ್ಣಾರೆ ಕಂಡವರನ್ನು ಕೂರಿಸಿಕೊಂಡು ಕೇಳಿದರೆ ಮೂರು ಏಣಿಗಳು ಜಾರಿರುತ್ತವೆ. ಅವರು ಸುಳ್ಳು ಹೇಳುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಮನಶ್ಶಾಸ್ತ್ರ ಓದಿ ನಾನು ಗಳಿಸಿದ ಜ್ಞಾನವೆಂದರೆ ಇಷ್ಟೇ: ನೆನಪು ಪೆಟ್ಟಿಗೆಯಲ್ಲಿ ಇಟ್ಟ ಸೀರೆಯಲ್ಲ, ತೆಗೆದಾಗಲೆಲ್ಲ ಹೊಸದಾಗಿ ನೇಯುವ ಬಟ್ಟೆ, ನೇಯುವವನಿಗೆ ಬೇಕಾದ ಬಣ್ಣ ಒಂದಿಷ್ಟು ಬಿದ್ದೇ ಬೀಳುತ್ತದೆ. ನಮ್ಮ ಹಳೆಯ ನೈಯಾಯಿಕರಿಗೆ, ಅಂದರೆ ತರ್ಕಪಂಡಿತರಿಗೆ, ಇದು ಯಾವಾಗಲೋ ಗೊತ್ತಿತ್ತು. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳಿಗೆ ಚಾಪೆ ಹಾಸಿ ಕೂರಿಸಿದ ಅವರು ಸ್ಮೃತಿಯನ್ನು ಮಾತ್ರ ಬಾಗಿಲ ಹೊರಗೇ ನಿಲ್ಲಿಸಿದರು. ನಾನೂ ಹೊರಗೇ ನಿಲ್ಲಿಸಿದ್ದೇನೆ. ಆದರೆ ನನ್ನದೇ ನೆನಪಾದ್ದರಿಂದ ಅದು ಆಗಾಗ ಕಿಟಕಿಯಿಂದ ಇಣುಕುತ್ತದೆ.

ಇರಲಿ. ತಪ್ಪು ಯಾರದಾದರೂ ಡಬ್ಬಿ ಸತ್ತಿದ್ದು ನಿಜ. ಹೊಸದೊಂದನ್ನು ತರುವ ಹೊಣೆ, ತನಿಖೆಯ ಫಲಿತಾಂಶಕ್ಕೆ ಕಾಯದೆ, ನನ್ನ ಮೇಲೆ ಬಿತ್ತು.

ಒಂದು ಹಾಡಿನ ಡಬ್ಬಿಗೆ ಇಷ್ಟು ರಂಪವೇ ಎಂದು ನೀವು ಕೇಳಬಹುದು. ಅಂಗೈಯಗಲದ, ಹೆಗಲಿಗೆ ನೇತು ಹಾಕಿಕೊಂಡು ಹೋಗಬಹುದಾದ, ಒಳಗೊಂದು ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಂಡು ದಿನವಿಡೀ ಹಾಡುವ ಪೆಟ್ಟಿಗೆ ಅದು. ನಿಮ್ಮ ಪಾಲಿಗೆ ಅದು ಮನರಂಜನೆ. ಕಂಪ್ಲಿಯ ಕಾಲುವೆ ಬಯಲಿನಲ್ಲಿ ನನ್ನ ಅಕ್ಕನ ಗುಂಪಿಗೆ ಅದು ಸಾಲಿನ ಹಗ್ಗ. ಅಕ್ಕನದು ಮುಯ್ಯಾಳಿನ ಗುಂಪು. ಅಂದರೆ ಕೂಲಿಯಿಲ್ಲ; ಇವತ್ತು ನನ್ನ ಗದ್ದೆಗೆ ನೀವು ಬನ್ನಿ, ನಾಳೆ ನಿಮ್ಮ ಗದ್ದೆಗೆ ನಾನು ಬರುತ್ತೇನೆ. ಹನ್ನೊಂದು ಹೆಂಗಸರು, ಹನ್ನೊಂದು ಮನೆಯ ಗದ್ದೆ. ಒಂದೇ ಸಾಲಿನಲ್ಲಿ ಬಗ್ಗಿ ನಿಂತು, ಸಸಿ ಹಚ್ಚುತ್ತ ಹಿಂದೆ ಹಿಂದೆ ಸರಿಯುತ್ತಾರೆ. ಹನ್ನೊಂದು ಜೋಡಿ ಕೈಗಳು ಒಂದೇ ವೇಗದಲ್ಲಿ ಹೋದರೆ ಸಾಲು ನೆಟ್ಟಗಿರುತ್ತದೆ. ಆ ವೇಗವನ್ನು ಹಿಡಿದಿಡುವುದು ಹಾಡು. ಹಾಡಿಲ್ಲದಿದ್ದರೆ ಮಂಜಿಯಂಥವರು ಓಡುತ್ತಾರೆ, ಕರಿಯಜ್ಜಿಯಂಥವರು ಉಳಿಯುತ್ತಾರೆ.

ಕರಿಯಜ್ಜಿ ಗುಂಪಿನ ಹಿರಿಯಳು. ವಯಸ್ಸು ಕೇಳಿದರೆ "ಡ್ಯಾಮ್ ಕಟ್ಟೋ ಮುಂದ ನಮ್ಮವ್ವನ ಕಂಕುಳಾಗಿದ್ನೆ" ಎನ್ನುತ್ತಾಳೆ. ಇದೂ ನೆನಪೇ ಆದ್ದರಿಂದ ನಾನು ನಂಬುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ. ಅವಳದೂ ಒಂದು ಸಣ್ಣ ಗದ್ದೆಯಿದೆ. ಅವಳು ಹತ್ತು ಮಂದಿಯ ಗದ್ದೆಯಲ್ಲಿ ಬಗ್ಗಿದರೆ ಹತ್ತು ಮಂದಿ ಅವಳ ಗದ್ದೆಯಲ್ಲಿ ಬಗ್ಗುತ್ತಾರೆ. ಸಾಲಿನಲ್ಲಿ ನಿಲ್ಲಲಾಗದಿದ್ದರೆ ಅವಳ ಗದ್ದೆ ಅವಳೊಬ್ಬಳದೇ. ಈ ಡಬ್ಬಿಯಿಂದ ಉಳಿಯಬೇಕಾದದ್ದು, ಬೇರೆ ಮಾತೆಲ್ಲ ಆಚೆಗಿಟ್ಟರೆ, ಸಾಲಿನಲ್ಲಿ ಕರಿಯಜ್ಜಿಯ ಜಾಗ. ಇದನ್ನು ಅಕ್ಕ ನನಗೆ ಬಿಡಿಸಿ ಹೇಳಲಿಲ್ಲ. "ಜಲ್ದಿ ತಂದ್ಕೊಡಲೇ, ಕರಿಯಜ್ಜಿ ಹಿಂದ ಬೀಳಾಕತ್ಯಾಳ" ಎಂದಷ್ಟೇ ಹೇಳಿದಳು.

ಮಧ್ಯೆ ಎರಡು ದಿನ ಮಂಜಿಯ ಮೊಬೈಲಿನಿಂದ ಕೆಲಸ ನಡೆಸಿದರಂತೆ. ಅಂತರ್ಜಾಲದಿಂದ ಬರುವ ಹಾಡು. ಹಾಡಿನ ಮಧ್ಯೆ ಸಿಮೆಂಟಿನ ಜಾಹೀರಾತು. ಅದನ್ನು ದಾಟಿಸಲು ಬೆರಳಿನಿಂದ ಒತ್ತಬೇಕು, ಬೆರಳೆಲ್ಲ ಕೆಸರು. ಮೂರನೆಯ ಸಿಮೆಂಟಿನ ಹೊತ್ತಿಗೆ ಮಂಜಿಯ ಗಂಡನ ಫೋನು ಬಂತು. ಸ್ಪೀಕರಿನಲ್ಲಿ ಅವನು ಊಟದ ಬಗ್ಗೆ ಆಡಿದ ಮಾತು ಇಡೀ ಬಯಲಿಗೆ ಕೇಳಿಸಿತು. ಮಾರನೆಯ ದಿನದಿಂದ ಮಂಜಿ ಮೊಬೈಲು ತರಲಿಲ್ಲ.

ಹೊಸಪೇಟೆಯಲ್ಲಿ ಬಾಷಾನ ಅಂಗಡಿ ಬಸ್ ನಿಲ್ದಾಣದಿಂದ ನಡೆಯುವಷ್ಟು ದೂರ. ಮೊಬೈಲ್ ರಿಪೇರಿ, ಚಾರ್ಜರು, ಇಯರ್‌ಫೋನು. ಜೊತೆಗೆ ಕಾರ್ಡಿಗೆ ಹಾಡು ತುಂಬಿಸುವ ಕೆಲಸ. ಹಾಡು ತುಂಬಿಸಿಕೊಳ್ಳಲು ಬರುವವರ ಊರು ಕೇಳಿಯೇ ಅವರಿಗೆ ಯಾವ ಹಾಡು ಬೇಕೆಂದು ಹೇಳಬಲ್ಲೆ ಎಂಬುದು ಅವನ ಹೆಮ್ಮೆ. ಮಂಗಳವಾರ ಸಂಜೆ ಹೋಗಿ ಹಳೆಯ ಮಾದರಿಯದೇ ಒಂದು ಡಬ್ಬಿ ಕೊಡು ಎಂದೆ.

"ಹಳೇ ಮಾಡೆಲ್ ಬಂದ್ ಆಗೈತ್ರಿ ಸರ. ಈಗ ಹೊಸಾದು ಬಂದೈತಿ, ಒಳಗ ಹೊರಗ ಎಲ್ಲಾ ಬದಲಿ ಮಾಡ್ಯಾರ." ಕಪಾಟಿನಿಂದ ಒಂದು ಗುಂಡನೆಯ ವಸ್ತು ತೆಗೆದು ಗಾಜಿನ ಮೇಜಿನ ಮೇಲಿಟ್ಟ. ಹಳೆಯದು ಇಟ್ಟಿಗೆಯಂತಿತ್ತು, ಇದು ಉಂಡೆ ಬೆಲ್ಲದಂತಿತ್ತು. "ಮಳಿಗಿ ಜಗ್ಗಂಗಿಲ್ಲ. ರಾಡ್ಯಾಗ ಬಿದ್ರೂ ತೊಳದು ಹಾಕ್ರಿ. ಹತ್ತು ತಾಸು ಬ್ಯಾಟರಿ. ಮತ್ತ, ಹಾಡಿನ ಹಿಂದ ಹಾಡು ಬರ್ತೈತ್ರಿ, ಹಳೇದರಂಗ ನಡಕ ಎಳದಾಡಂಗಿಲ್ಲ. ಮಸ್ತ್ ಐತಿ."

"ರಾಡಿಯಲ್ಲಿ ಬಿದ್ದರೂ?" ಎಂದು ಎರಡು ಸಲ ಕೇಳಿದೆ. ನನ್ನ ಆಸಕ್ತಿ ಎಲ್ಲಿತ್ತೆಂದು ನಿಮಗೆ ಹೇಳಬೇಕಿಲ್ಲ.

ನಾನು ಸಾಮಾನು ಕೊಳ್ಳುವ ರೀತಿ ನೋಡಿದವರು ನನ್ನ ಜೊತೆ ಎರಡನೆಯ ಸಲ ಪೇಟೆಗೆ ಬರುವುದಿಲ್ಲ. ಒಂದು ಟೇಬಲ್ ಫ್ಯಾನು ಕೊಳ್ಳುವ ಮುಂಚೆ ಅದರ ಬಗ್ಗೆ ಓದುತ್ತ ಓದುತ್ತ ಒಂದು ಬೇಸಿಗೆಯನ್ನೇ ಕಳೆದವನು ನಾನು. ಹೊಸಪೇಟೆಯ ಬೇಸಿಗೆ ಗೊತ್ತಿದ್ದವರಿಗೆ ಇದರ ಬೆಲೆ ತಿಳಿದೀತು. ನನ್ನ ಮುಖದ ಮೇಲಿನ ಅನುಮಾನವನ್ನು ಬಾಷಾ ಓದಿದ.

"ಸರ, ನಿಮ್ಮ ಸ್ವಭಾವ ನನಗ ಗೊತ್ತೈತಿ. ತಗೊಂಡೋಗ್ರಿ. ಮುಂದಿನ ಬುಧವಾರದ ತನ ಕೇಳಿ ನೋಡ್ರಿ. ಮನಸಿಗೆ ಬಂತಾ, ಇಟ್ಕೊರ್ರಿ. ಬ್ಯಾಡಂದ್ರ ರಟ್ಟಿನ ಖೋಕಾ ಸಮೇತ ವಾಪಸ್ ಕೊಡ್ರಿ. ಆದ್ರ ಇಲ್ಲಿ ನಿಂತು ಯೋಚನಿ ಮಾಡಬ್ಯಾಡ್ರಿ, ಗಿರಾಕಿಗೆ ದಾರಿ ಸಿಗಂಗಿಲ್ಲ."

ಹೀಗೆ ಒಂದು ವಾರದ ಗಡುವಿನ ಮೇಲೆ ಆ ಉಂಡೆ ನನ್ನ ಮನೆಗೆ ಬಂತು. ನಾನು ಹದಿಮೂರು ಪರೀಕ್ಷೆಗಳ ಪಟ್ಟಿ ಮಾಡಿದೆ. ನೀರಿನ ಬಕೆಟ್ಟಿನ ಮೇಲೆ ತೂಗುಹಾಕಿ ನೀರು ಚಿಮುಕಿಸಿದೆ. ಹೂವಿನ ಕುಂಡದ ಮಣ್ಣನ್ನು ಕಲಸಿ ಕೈಗೆ ಬಳಿದುಕೊಂಡು ಅದರ ರಬ್ಬರಿನ ಗುಂಡಿಗಳನ್ನು ಒತ್ತಿ ನೋಡಿದೆ. ಕೈ ಬಳಸದೆ ಮೊಣಕೈಯಿಂದ ಒತ್ತಿದೆ. ಅಕ್ಕ ಹಾಗೆಯೇ ಒತ್ತುತ್ತಾಳೆ. ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಹಾಡಿಸಿದಾಗ ಪಕ್ಕದ ಸೀಟಿನವರು ಚೆನ್ನಾಗಿದೆ ಎಂದರು. ಆದರೆ ಅವರು ನಿದ್ದೆಯಲ್ಲಿದ್ದರು ಎಂದು ನನಗೆ ಅನುಮಾನ.

ಬಯಲಿನಲ್ಲಿ ಹೇಗೆ ಕೇಳುತ್ತದೆ ಎಂಬ ಪರೀಕ್ಷೆಗೆ ಶನಿವಾರ ಮಧ್ಯಾಹ್ನ ಹಂಪಿಗೆ ಹೋದೆ. ಬಜಾರಿನ ಕಲ್ಲುಮಂಟಪಗಳ ಸಾಲಿನಲ್ಲಿ ನೆರಳಿದ್ದ ಒಂದನ್ನು ಹುಡುಕಿ, ಡಬ್ಬಿಯನ್ನು ಒಂದು ಕಂಬದ ಬುಡದಲ್ಲಿಟ್ಟೆ. ಅಬ್ಬಾ, ಆ ನಾದವೇ! ಮದ್ದಳೆಯ ಒಂದೊಂದು ಪೆಟ್ಟೂ ತೂಕವಾಗಿ ಬಂದು ಎದೆಗೆ ತಾಗಿತು. ಹಳೆಯ ಡಬ್ಬಿಯಲ್ಲಿ ಇಂಥ ನಾದ ಕೇಳಿದ ನೆನಪೇ ಇಲ್ಲ ಎಂದು ತಲೆದೂಗುತ್ತ ಕೂತೆ. ಎದುರಿಗೆ ಎಳನೀರು ಮಾರುತ್ತಿದ್ದ ಹೆಂಗಸು ಎದ್ದು ಬಂದಳು.

"ಸಣ್ಣಗ ಮಾಡ್ರಿ ಸರ, ಗಿರಾಕಿ ಕೂಗಿದ್ದು ಕೇಳವಲ್ದು."

"ಎಷ್ಟು ಚೆನ್ನಾಗಿ ಹಾಡ್ತದಲ್ಲಮ್ಮಾ ಇದು?"

"ಇದರಾಗೇನೈತ್ರಿ? ಇಲ್ಲಿ ಒಳಗ ಕುಂತು ನಮ್ಮ ಯಜಮಾನ ಸೀನಿದ್ರೂ ಹಿಂಗ ಕೇಳ್ತೈತಿ."

ಸರಿಯಾದ ಮಾತು. ನಾಲ್ಕೂ ಕಡೆ ಕಲ್ಲಿದ್ದರೆ ಯಾವ ತಗಡಿಗೂ ಗಾಂಭೀರ್ಯ ಬರುತ್ತದೆ. ನಾನು ಅರ್ಧ ತಾಸು ತಲೆದೂಗಿದ್ದು ಐದು ನೂರು ವರ್ಷ ಹಿಂದಿನ ಕಲ್ಲುಕುಟಿಗರಿಗೇ ಹೊರತು ಈ ಉಂಡೆಗಲ್ಲ. ಪಟ್ಟಿಯಲ್ಲಿ ಆ ಪರೀಕ್ಷೆಯನ್ನು ಹೊಡೆದು ಹಾಕಿ, ಪ್ರಾಯಶ್ಚಿತ್ತವಾಗಿ ಒಂದು ಎಳನೀರು ಕುಡಿದು ಬಂದೆ.

ಭಾನುವಾರ ಬೆಳಿಗ್ಗೆ ಕಂಪ್ಲಿಯ ಬಸ್ಸು ಹತ್ತಿದಾಗ ಹದಿಮೂರರಲ್ಲಿ ಹನ್ನೆರಡು ಪರೀಕ್ಷೆಗಳಲ್ಲಿ ಡಬ್ಬಿ ಪಾಸಾಗಿತ್ತು. ನನ್ನ ಮನಸ್ಸು ಬಹುಮಟ್ಟಿಗೆ ಕೊಳ್ಳುವ ಕಡೆಗೇ ವಾಲಿತ್ತು. ಬಾಷಾ ಹಳೆಯ ಕಾರ್ಡಿನಲ್ಲಿದ್ದ ಹಾಡುಗಳನ್ನೆಲ್ಲ ಎತ್ತಿ ಇದಕ್ಕೆ ತುಂಬಿಸಿಕೊಟ್ಟಿದ್ದ. ಬಯಲಾಟದ ಪದಗಳು, ಭಜನೆ, ಗೀಗೀ, ಸಿನಿಮಾ ಹಾಡು, ಎಲ್ಲ ಕಲಬೆರಕೆ. ಅಕ್ಕನ ಗುಂಪು ಅಂದು ಮಂಜಿಯ ಗದ್ದೆಯಲ್ಲಿತ್ತು. ಈ ಸಲ ಕೋಲನ್ನು ಅಕ್ಕನೇ ನೆಟ್ಟಳು. ನನ್ನನ್ನು ಅದರಿಂದ ಎರಡು ಬದು ಆಚೆಗೆ ನಿಲ್ಲಿಸಿದಳು.

ಮೊದಲ ಹಾಡಿಗೆ ಎಲ್ಲರೂ ಹೋ ಎಂದರು. ಎರಡನೆಯದಕ್ಕೆ ಯಾರೋ ಶಿಳ್ಳೆ ಹೊಡೆದರು. ಮೂರನೆಯದರ ಹೊತ್ತಿಗೆ ಮಾತು ನಿಂತಿತು. ಹಾಡು ಜೋರಾಗಿಯೇ ಇತ್ತು, ಸ್ಪಷ್ಟವಾಗಿಯೇ ಇತ್ತು. ಆದರೆ ಸಾಲು ಯಾಕೋ ಡೊಂಕಾಗತೊಡಗಿತು. ಒಬ್ಬಳು ಹಾಡಿನ ನಡುವೆಯೇ ಎದ್ದು ಸೊಂಟ ಹಿಡಿದುಕೊಂಡಳು. ಅವಳು ಬಗ್ಗುವಷ್ಟರಲ್ಲಿ ಇನ್ನೊಬ್ಬಳು ಎದ್ದಳು. ಅಕ್ಕ ತಲೆ ಎತ್ತದೆ ಹಚ್ಚುತ್ತಲೇ ಹೋದಳು. ಅರ್ಧ ತಾಸು ಕಳೆಯುವಷ್ಟರಲ್ಲಿ ಸಾಲು ಹಿಂದೆ ಹಿಂದೆ ಸರಿದು ಹೋಗಿ, ಕರಿಯಜ್ಜಿಯೊಬ್ಬಳು ಎದುರಿಗೆ ದೂರದಲ್ಲಿ, ಎರಡೂ ಪಕ್ಕ ಹಚ್ಚಿ ಮುಗಿದ ಹಸಿರು ಸಸಿಗಳ ನಡುವೆ ತನ್ನ ಪಾಲಿನ ಖಾಲಿ ಕೆಸರಿನಲ್ಲಿ ಉಳಿದಿದ್ದಳು. ಅವಳು ಎದ್ದು ನಿಂತು, ಎರಡೂ ಕೈ ಸೊಂಟದ ಮೇಲಿಟ್ಟು, ಸಾಲಿನ ಕಡೆ ನೋಡಿದಳು.

"ಹುಲಿಗೆವ್ವಾ, ನಾಳಿಂದ ನಾ ಬರಂಗಿಲ್ಲವ್ವ," ಎಂದಳು. ಸಿಟ್ಟಿರಲಿಲ್ಲ ಅದರಲ್ಲಿ. "ನನ್ನ ಗದ್ದಿ ಮಡಿ ನಾ ಒಬ್ಬಾಕಿನ ಹಚ್ಕೊಂತೀನಿ. ಆದಷ್ಟು ಆತು."

"ಏ, ಸುಮ್ನಿರಬೇ ಅಜ್ಜಿ!" ಎಂದ ಅಕ್ಕ ನೇರವಾಗಿ ಬಂದು ಮೊಣಕೈಯಿಂದ ಡಬ್ಬಿಯ ಬಾಯಿ ಮುಚ್ಚಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಎಂಥಾದ್ ತಂದೀಲೇ ತಮ್ಮಾ? ಇದು ನಿಂದ್ರಂಗೇ ಇಲ್ಲಲ್ಲೋ!"

"ನಿಲ್ಲದೆ ಹಾಡೋದೇ ಅದರ ಹೆಚ್ಚುಗಾರಿಕೆ ಅಕ್ಕಾ."

"ಹಳೇದು ಒಂದು ಹಾಡು ಮುಗಿದ ಮ್ಯಾಲ ಉಸಿರು ತಗೊಂತಿತ್ತು. ಅದು ಉಸಿರು ತಗೊಂಡಾಗ ನಾವೂ ತಗೊಂತಿದ್ವಿ. ಇದಕ್ಕ ಉಸಿರ ಇಲ್ಲ!"

ಹಳೆಯ ಡಬ್ಬಿ ಒಂದು ಹಾಡು ಮುಗಿದ ಮೇಲೆ ಮುಂದಿನದನ್ನು ಹುಡುಕಲು ತಿಣುಕುತ್ತಿತ್ತು. ಅದು ಅದರ ದೋಷ. ಆ ಹೊತ್ತಿನ ಮೌನದಲ್ಲಿ ಹನ್ನೊಂದು ಮಂದಿಯೂ ಒಟ್ಟಿಗೆ ಎದ್ದು ನಿಂತು, ಬೆನ್ನು ನೆಟ್ಟಗೆ ಮಾಡಿ, ಒಂದು ಮಾತಾಡಿ, ಒಟ್ಟಿಗೆ ಬಗ್ಗುತ್ತಿದ್ದರು. ನಾನು ಇದನ್ನು ನೂರು ಸಲ ನೋಡಿದ್ದೆ; ಒಂದು ಸಲವೂ ಕಂಡಿರಲಿಲ್ಲ. ಕಾರ್ಖಾನೆಯಲ್ಲಿ 'ದುಡಿಮೆಯ ನಡುವೆ ವಿರಾಮ' ಎಂದು ಗೋಡೆಗೆ ಅಂಟಿಸಲು ಕಾಗದ ಬರೆದುಕೊಡುವವನೂ ನಾನೇ. ನನ್ನ ಹದಿಮೂರು ಪರೀಕ್ಷೆಗಳು ಹಾಡನ್ನು ಕೇಳಿದ್ದವು, ಗುಂಡಿಯನ್ನು ಒತ್ತಿದ್ದವು, ನೀರು ಚಿಮುಕಿಸಿದ್ದವು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಮುಂಚೆ ಏನಿರಬೇಕು ಎಂದು ಕೇಳಿದ ಪರೀಕ್ಷೆ ಒಂದೂ ಇರಲಿಲ್ಲ.

ಹೊಸದಾಗಿ ವಿನ್ಯಾಸ ಮಾಡುವವರ ಮೇಲೆ ನನಗೆ ಸಿಟ್ಟಿಲ್ಲ. ಅವರು ದೂರುಗಳನ್ನು ಓದಿರುತ್ತಾರೆ; ದೂರು ಬರೆಯುವವರು ಕುರ್ಚಿಯಲ್ಲಿ ಕೂತು ಹಾಡು ಕೇಳುವವರು. ಅವರಿಗೆ ಆ ಮೌನ ಕಿರಿಕಿರಿ. ಗದ್ದೆಯಲ್ಲಿ ಬಗ್ಗಿದವರು ಆ ಮೌನದ ಬಗ್ಗೆ ಯಾವತ್ತೂ ಯಾರಿಗೂ ಮೆಚ್ಚುಗೆಯ ಪತ್ರ ಬರೆದಿಲ್ಲ. ಬರೆಯುವುದಾದರೂ ಹೇಗೆ? ಇದ್ದಷ್ಟು ದಿನ ಅದು ಇದೆ ಎಂದೇ ಅವರಿಗೆ ಗೊತ್ತಿರಲಿಲ್ಲ. ಮನೆಯ ಒಂದು ಮೆಟ್ಟಿಲು ಎತ್ತರ ತಪ್ಪಿದ್ದರೆ ಕಾಲು ಅದಕ್ಕೆ ಹೊಂದಿಕೊಂಡಿರುತ್ತದೆ. ಗಾರೆಯವನು ಬಂದು ಸರಿಮಾಡಿದ ದಿನ ಮುಗ್ಗರಿಸುತ್ತೇವೆ.

ಹಾಡು ಮುಗಿದಾಗಲೆಲ್ಲ ಗುಂಡಿ ಒತ್ತಿ ನಿಲ್ಲಿಸಿದರಾಯಿತಲ್ಲ ಎಂದು ನಾನು ಸೂಚಿಸಿದೆ.

"ಒತ್ತಾಕ ಯಾರು ನಿಂದ್ರಬೇಕು? ನೀ ಕೆಲಸಕ್ಕ ಸೂಟಿ ಹಾಕಿ ನಿಂದ್ರತಿಯೇನು?" ಎಂದಳು ಅಕ್ಕ.

"ನಿಂದ್ರಲಿ ಬಿಡಬೇ ಅಕ್ಕಾ," ಎಂದಳು ಮಂಜಿ. "ಅಣ್ಣಗ ಕೋಲು ಹಿಡಿದು ಅನುಭವ ಐತಿ."

ಹನ್ನೊಂದು ಮಂದಿ ನಕ್ಕರು. ಕರಿಯಜ್ಜಿಯೂ ನಕ್ಕಳು ಎಂದು ನನ್ನ ನೆನಪು. ಆದರೆ ಅದು ನನಗೆ ಬೇಕಾದ ನೆನಪಾದ್ದರಿಂದ ಅದರ ಮೇಲೆ ಭಾರ ಹಾಕುವುದಿಲ್ಲ.

ಊಟಕ್ಕೆ ಬದುವಿನ ಮೇಲೆ ಕೂತಾಗ ನಾನು ಕಸುಬಿನ ಚಾಳಿಯಂತೆ ತನಿಖೆ ಶುರುಮಾಡಿದೆ. ಹಳೆಯ ಡಬ್ಬಿ ಎಷ್ಟು ಹೊತ್ತು ಸುಮ್ಮನಿರುತ್ತಿತ್ತು? ಆ ಡಬ್ಬಿಯೇ ಈಗಿಲ್ಲದ್ದರಿಂದ ಸಾಕ್ಷಿಗಳೇ ಗತಿ. ಮಂಜಿ, "ಎರಡು ಸೆಕೆಂಡು ಅಣ್ಣಾ, ಅಷ್ಟ" ಎಂದಳು. ಅವಳ ಪಕ್ಕದವಳು, ಜಾರಿದ ಸೀರೆಯನ್ನು ಮತ್ತೆ ಮೊಣಕಾಲಿಗೆ ಎತ್ತಿ ಕಟ್ಟಿಕೊಳ್ಳುವಷ್ಟು ಎಂದಳು. ಇನ್ನೊಬ್ಬಳು, ಅತ್ತೆಯ ಮೇಲೆ ಒಂದು ಚಾಡಿ ಹೇಳಿ ಮುಗಿಸುವಷ್ಟು ಎಂದಳು. ಅದು ಎಂಥ ಅತ್ತೆ ಎಂಬುದರ ಮೇಲೆ ಹೋಗುತ್ತದೆ ಎಂದು ಮತ್ತೊಬ್ಬಳು ತಿದ್ದಿದಳು. ಕರಿಯಜ್ಜಿ, "ಒಂದು ಎಲಿ ಮಡಚಿ ಬಾಯಾಗ ಇಟ್ಕೊಳ್ಳೋಷ್ಟು ಯಪ್ಪಾ" ಎಂದು ಎಲೆ ಮಡಚಿ ತೋರಿಸಿದಳು. ನಾನು ಗಡಿಯಾರ ನೋಡುವಷ್ಟರಲ್ಲಿ ಅದು ಬಾಯಿಯಲ್ಲಿತ್ತು. ನನ್ನ ನೆನಪು ಐದು ಸೆಕೆಂಡು ಎನ್ನುತ್ತಿತ್ತು, ಅದಕ್ಕೂ ಉಳಿದವರ ಮಾತಿನಷ್ಟೇ ಬೆಲೆ.

ಅಕ್ಕ ಮಾತ್ರ ಲೆಕ್ಕವನ್ನೇ ಒಪ್ಪಲಿಲ್ಲ. "ಸೆಕೆಂಡು ಗಿಕೆಂಡು ನನಗ ತಿಳಿಯಂಗಿಲ್ಲ. ಹಾಡು ನಿಂತ್ರ ಏಳ್ತಿದ್ನೆ. ಹಾಡು ಹತ್ತಿದ ಕೂಡ್ಲೇ ಬಗ್ತಿದ್ನೆ. ನಾ ಬಗ್ಗಿದ್ರ ಎಲ್ಲಾರೂ ಬಗ್ತಾರ. ನಾ ಬಗ್ಗೋ ತನಕ ಒಬ್ಬಾಕಿನೂ ಬಗ್ಗಂಗಿಲ್ಲ, ಅದು ನಮ್ಮ ರೂಢಿ."

ಸೋಮವಾರ ಸಂಜೆ, ಗಡುವಿಗೆ ಎರಡು ದಿನ ಮುಂಚೆ, ನಾನು ಖೋಕಾ ಸಮೇತ ಬಾಷಾನ ಅಂಗಡಿಯಲ್ಲಿದ್ದೆ. ವಾಪಸ್ ಕೊಡುವುದೆಂದು ನಿರ್ಧರಿಸಿಯೇ ಹೋಗಿದ್ದೆ. ಕೊಟ್ಟರೆ ಬೇರೇನು ಕೊಳ್ಳುವುದು ಎಂಬುದಕ್ಕೆ ಉತ್ತರವಿರಲಿಲ್ಲ. ಎಲ್ಲ ಡಬ್ಬಿಗಳೂ ಈಗ ಹೀಗೆಯೇ, ಒಂದರ ಹಿಂದೊಂದು ಎಂದು ಬಾಷಾ ಹೇಳಿದ. ಮನೆಯಿಂದ ಅಕ್ಕ ಫೋನು ಮಾಡಿದ್ದಳು: ಕರಿಯಜ್ಜಿ ಅಂದು ಬಂದಿರಲಿಲ್ಲ.

"ಬಾಷಾ," ಎಂದೆ ಹಿಂಜರಿಯುತ್ತ, "ಹಾಡು ಹಾಡಿನ ನಡುವೆ ಇದು ಸ್ವಲ್ಪ ಹೊತ್ತು ಸುಮ್ಮನಿರುವ ಹಾಗೆ ಮಾಡಬಹುದಾ?"

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ಸರ, ಇಪ್ಪತ್ತು ವರ್ಷದಿಂದ ಮಂದಿ ಹಾಡು ತುಂಬಿಸಾಕ ಬರ್ತಾರ. ಸುಮ್ನಿರೋದನ್ನ ತುಂಬಿಸಾಕ ಬಂದೋರು ನೀವ ಮೊದಲ್ನೇರು."

ನಾನು ಗದ್ದೆಯ ಕತೆಯನ್ನೆಲ್ಲ ಹೇಳಿದೆ. ಅವನು ಗಿರಾಕಿಗಳನ್ನು ಕಾಯಿಸಿ ಕೇಳಿದ. ಕೇಳಿ ಮುಗಿದ ಮೇಲೆ ಕಂಪ್ಯೂಟರಿನ ಕಡೆ ತಿರುಗಿದ. ಉಪಾಯ ಅತ್ಯಂತ ಸರಳವಾಗಿತ್ತು: ಏನೂ ಇಲ್ಲದ ಒಂದು ಹಾಡು ಮಾಡುವುದು, ಪ್ರತಿ ಹಾಡಿನ ಹಿಂದೆ ಅದನ್ನೊಂದು ಸೇರಿಸುವುದು. ಡಬ್ಬಿಯ ಪಾಲಿಗೆ ಅದೂ ಹಾಡೇ. ಅದು ನಿಲ್ಲದೆ ಹಾಡುತ್ತಿರುತ್ತದೆ, ಕೇಳುವವರಿಗೆ ಮಾತ್ರ ಬಿಡುವು.

"ಎಷ್ಟು ಸೆಕೆಂಡು ಹಾಕ್ಲಿ?"

"ಎರಡರಿಂದ ಹಿಡಿದು ಒಂದು ಅತ್ತೆಯವರೆಗೆ ಸಾಕ್ಷಿಗಳಿವೆ."

"ಎಂಟು ಹಾಕ್ತೀನ್ರಿ."

"ಎಂಟೇ ಯಾಕೆ?"

"ನಮ್ಮವ್ವ ನೆಲದ ಮ್ಯಾಲೆ ಕುಂತಿದ್ರ ಏಳಾಕ ಅಷ್ಟ ಹೊತ್ತು ಹಿಡಿತೈತ್ರಿ."

ನನ್ನ ಹನ್ನೊಂದು ಸಾಕ್ಷಿಗಳಿಗಿಂತ ಈ ಒಂದು ಸಾಕ್ಷಿ ಗಟ್ಟಿಯಾಗಿ ಕಂಡಿತು. ಎಂಟು ಎಂದೆ.

ಮಂಗಳವಾರ ನಾನು ನಿಜವಾಗಿಯೂ ಸೂಟಿ ಹಾಕಿದೆ. ಕಂಪ್ಲಿಗೆ ಹೋಗಿ ಇಳಿದಾಗ ಅಕ್ಕ ಕರಿಯಜ್ಜಿಯ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ಒಳಗೆ ಕರಿಯಜ್ಜಿ ರೊಟ್ಟಿ ಬಡಿಯುವ ಸದ್ದು; ಬರುವುದಿಲ್ಲ ಎನ್ನುವವರು ಬಡಿಯುವಂತೆ ಬಡಿಯುತ್ತಿದ್ದಳು.

"ಇವತ್ತೊಂದಿನ ಬಾರಬೇ ಅಜ್ಜಿ," ಎಂದಳು ಅಕ್ಕ. "ನನ್ನ ತಮ್ಮ ಹೊಸಪ್ಯಾಟಿಂದ ಸುಮ್ನಿರೋದನ್ನ ತುಂಬಿಸ್ಕೊಂಡು ಬಂದಾನ."

"ಅದನ್ನ ತರಾಕ ಹೊಸಪ್ಯಾಟಿಗೆ ಹೋಗಬೇಕಿತ್ತೇನು?" ಎಂದು ಒಳಗಿನಿಂದ ಕೇಳಿಸಿತು. ಬಡಿಯುವ ಸದ್ದು ಮುಗಿಯಿತು. ಸ್ವಲ್ಪ ಹೊತ್ತಿಗೆ ಅವಳು ರೊಟ್ಟಿಯ ಗಂಟು ಹಿಡಿದು ಹೊರಗೆ ಬಂದಳು.

ಮೊದಲ ಹಾಡು ಮುಗಿಯುವವರೆಗೆ ನಾನು ಬದುವಿನ ಮೇಲೆ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವನಂತೆ ನಿಂತಿದ್ದೆ. ಹಾಡು ಮುಗಿಯಿತು. ಮೌನ ಬಂತು. ಆ ಮೌನದಲ್ಲಿ ಕಾಲುವೆಯಿಂದ ಗದ್ದೆಗೆ ಇಳಿಯುವ ನೀರಿನ ಸದ್ದು ಮೊದಲ ಸಲ ಕೇಳಿಸಿತು. ಅಕ್ಕ ಎದ್ದಳು. ಒಂದರ ಪಕ್ಕ ಒಂದು ಹನ್ನೊಂದು ಬೆನ್ನುಗಳು ಎದ್ದವು. ಯಾರೋ ಏನೋ ಅಂದರು, ಎಲ್ಲರೂ ನಕ್ಕರು, ಹಾಡು ಬಂತು, ಮತ್ತೆ ಬಗ್ಗಿದರು. ಸಂಜೆಯ ಹೊತ್ತಿಗೆ ಸಾಲು ಆಚೆ ಬದುವಿಗೆ ಬಂದು ಮುಟ್ಟಿದಾಗ ಕರಿಯಜ್ಜಿ ಸಾಲಿನಲ್ಲೇ ಇದ್ದಳು.

"ಈಗ ಬುದ್ಧಿ ಬಂತು ನೋಡು ಇದಕ್ಕ," ಎಂದು ಡಬ್ಬಿಯ ಕಡೆ ಕೈ ತೋರಿಸಿದಳು. ನನ್ನ ಕಡೆ ತೋರಿಸಲಿಲ್ಲ ಎಂದು ನಾನು ತಿಳಿದಿದ್ದೇನೆ.

ಅಲ್ಲಿಂದಲೇ ಬಾಷಾಗೆ ಫೋನು ಮಾಡಿ, ಡಬ್ಬಿ ಇಟ್ಟುಕೊಳ್ಳುತ್ತೇನೆ ಎಂದೆ. ಹೀಗೆ ನನ್ನ ಜೀವಮಾನದಲ್ಲಿ ಮೊದಲ ಸಲ ಒಂದು ವಸ್ತುವನ್ನು ಗಡುವಿನ ಒಳಗೇ ಕೊಂಡೆ. ಕೊಂಡ ಮೇಲೆ ಅನುಮಾನ ಬಿಟ್ಟಿತೇ ಎಂದರೆ, ಇಲ್ಲ. ಎಂಟು ಸೆಕೆಂಡು ಸರಿಯಾದ ಲೆಕ್ಕವೇ? ಬಾಷಾನ ಅವ್ವನ ಮೊಣಕಾಲು ಕರಿಯಜ್ಜಿಯ ಬೆನ್ನಿಗೆ ಅಳತೆಯಾದೀತೇ? ಬಸ್ಸಿನಲ್ಲಿ ಕೂತು, ಕಾರ್ಖಾನೆಯ ಮೇಜಿನ ಮುಂದೆ ಕೂತು, ವಾರವಿಡೀ ಇದನ್ನೇ ಯೋಚಿಸಿದೆ. ಒಂದು ದಿನ ಸಂತೋಷವಾದರೆ ಅದು ನಿಜವಾಗಿ ಆಯಿತೇ ಎಂದು ಆರು ದಿನ ವಿಚಾರಿಸುವುದು ನನ್ನ ಜಾಯಮಾನ. ಆದರೂ ಒಂದು ಮಾತು ಒಪ್ಪಿಕೊಳ್ಳುತ್ತೇನೆ: ಆ ವಾರದ ಅನುಮಾನಕ್ಕೆ ಎಂದಿನ ಹುಳಿ ಇರಲಿಲ್ಲ. ಕಾಯುವುದರಲ್ಲಿ ಏನೋ ಒಂದು ಉತ್ಸಾಹವಿತ್ತು.

ಮುಂದಿನ ಭಾನುವಾರ ನಾಟಿಯ ಸರದಿ ಕರಿಯಜ್ಜಿಯದೇ ಗದ್ದೆಗೆ ಬಂತು. ಹತ್ತು ಮಂದಿಯೂ ಬಂದಿದ್ದರು. ಅವಳು ಹೊಸ ಸೀರೆ ಉಟ್ಟು ಕೆಸರಿಗೆ ಇಳಿದದ್ದಕ್ಕೆ ಎಲ್ಲರೂ ಬೈದರು. ನಾನು ಬದುವಿನ ಮೇಲೆ, ಈ ಸಲ ಗಡಿಯಾರ ಹಿಡಿದು, ಒಂದು ಕಾಗದ ಮಡಚಿಕೊಂಡು ನಿಂತೆ. ಕಾಗದದ ಮೇಲೆ ಬರೆದದ್ದನ್ನು ಮಾತ್ರ ಇಲ್ಲಿ ಹೇಳುತ್ತೇನೆ, ನೆನಪಿನಿಂದ ಒಂದಕ್ಷರವೂ ಇಲ್ಲ.

ಹಾಡು ನಿಂತಿತು, ಹನ್ನೊಂದು ಮಂದಿ ಎದ್ದರು. ಎಂಟು ಸೆಕೆಂಡಿಗೆ ಸರಿಯಾಗಿ ಮುಂದಿನ ಹಾಡು ಹತ್ತಿತು. ಅಕ್ಕ ಬಗ್ಗಲಿಲ್ಲ. ಸೆರಗು ಸರಿಮಾಡಿಕೊಳ್ಳುವವಳಂತೆ ನಿಂತಿದ್ದಳು. ಕಣ್ಣು ಮಾತ್ರ ಓರೆಯಾಗಿ ಸಾಲಿನ ಕೊನೆಗೆ ಹೋಗಿತ್ತು. ಅಲ್ಲಿ ಕರಿಯಜ್ಜಿಯ ಎರಡೂ ಕೈಗಳು ಇನ್ನೂ ಸೊಂಟದ ಮೇಲಿದ್ದವು. ಅವು ಕೆಳಗಿಳಿದವು. ಆಗ ಅಕ್ಕ ಬಗ್ಗಿದಳು, ಅವಳ ಹಿಂದೆ ಎಲ್ಲರೂ ಬಗ್ಗಿದರು. ಅಂದು ಐದು ಹಾಡುಗಳ ಕೊನೆಯಲ್ಲಿ ಐದು ಸಲ ಗುರುತು ಹಾಕಿಕೊಂಡೆ. ಹಾಡು ನಿಂತಾಗಿನಿಂದ ಅಕ್ಕ ಬಗ್ಗುವವರೆಗೆ ಒಮ್ಮೆ ಹನ್ನೆರಡು ಸೆಕೆಂಡು ಹಿಡಿಯಿತು, ಒಮ್ಮೆ ಹತ್ತೊಂಬತ್ತು, ಒಮ್ಮೆ ಹದಿನಾಲ್ಕು, ಮತ್ತೆ ಹನ್ನೆರಡು, ಕೊನೆಗೆ ಇಪ್ಪತ್ತೊಂದು. ಐದು ಸಲವೂ ಅಕ್ಕ ಬಗ್ಗಿದ್ದು ಕರಿಯಜ್ಜಿಯ ಕೈಗಳು ಸೊಂಟದಿಂದ ಇಳಿದ ಮೇಲೆಯೇ.